ಪಿಸ್ತೂಲಿಗೊಬ್ಬ ವೈರಿ

ಕಿಟಕಿ ಪಕ್ಕದ ಸೀಟನ್ನು ಇವತ್ತೊಂದು ದಿನವಾದರೂ ಯುನೂಸ್ ತನಗೆ ಬಿಟ್ಟುಕೊಡಬಹುದಿತ್ತು ಎಂದು ದಿಗಂಬರನಿಗೆ ಅನ್ನಿಸಿತು. ಪಿಸ್ತೂಲು ಕೊಳ್ಳಲು ಹೊರಟವನು ತಾನು. ಲೈಸೆನ್ಸಿನ ಪುಸ್ತಕ ಇರುವುದು ತನ್ನ ಜೇಬಿನಲ್ಲಿ, ಅದರೊಳಗೆ ಅಂಟಿಸಿರುವುದು ತನ್ನ ಫೋಟೋ. ಆದರೂ ಬಸವಕಲ್ಯಾಣದ ಸ್ಟ್ಯಾಂಡಿಗೆ ಹುಮನಾಬಾದಿನ ಬಸ್ಸು ಬಂದು ನಿಂತಿದ್ದೇ ತಡ, ಯುನೂಸ್ ಹೊರಗಿನಿಂದಲೇ ಟವೆಲ್ಲು ಎಸೆದು, ಮಂದಿಯ ನಡುವೆ ನುಸುಳಿ ಒಳಗೆ ಹೋಗಿ, ಕಿಟಕಿಗೆ ಒರಗಿ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ, “ಬಾ ದಿಗಂಬರಣ್ಣ, ಕುಂದರು. ನಿನ್ನ ಸಲುವಾಗಿ ಹಿಡ್ದೀನಿ,” ಎಂದಿದ್ದ. ಮೂವತ್ತು ವರ್ಷದಿಂದ ಹೀಗೆಯೇ. ಇಬ್ಬರೂ ಕೂಡಿ ಎಲ್ಲಿಗೆ ಹೋದರೂ ಗಾಳಿ ಯುನೂಸನಿಗೆ, ಕಂಡಕ್ಟರನ ಮೊಣಕೈ ದಿಗಂಬರನಿಗೆ. ದಿಗಂಬರನ ಸ್ಟೀಲ್ ಪಾತ್ರೆಯ ಅಂಗಡಿಗೂ ಯುನೂಸನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋದ ತೂತಿತ್ತು. ಚಹಾದ ಗ್ಲಾಸುಗಳು ದಿನಕ್ಕೆ ನಾಲ್ಕು ಸಲ ಅದರಲ್ಲಿ ಹಾಯುತ್ತಿದ್ದವು. ಆದರೆ ಸರ್ಕಾರದ ಕಡತದ ಪ್ರಕಾರ ದಿಗಂಬರನ ಜೀವಕ್ಕೆ ಅಪಾಯ ಇರುವುದು ಆ ಗೋಡೆಯ ಆಚೆಯಿಂದಲೇ. ಪಿಸ್ತೂಲಿನ ಲೈಸೆನ್ಸು ಮಂಜೂರಾಗಿದ್ದು ಯುನೂಸನಿಂದ ಅವನನ್ನು ಕಾಪಾಡಲಿಕ್ಕೆ.

“ಏನ್ ವಿಚಾರ ಮಾಡಾಕತ್ತಿ?” ಎಂದು ಯುನೂಸ್ ಕೇಳಿದ. ಕಿಟಕಿಯ ಗಾಳಿಗೆ ಅವನ ಬಿಳಿ ಗಡ್ಡ ಹಾರುತ್ತಿತ್ತು. “ಪಿಸ್ತೂಲೋ, ರಿವಾಲ್ವರೋ? ನಾ ಅಂತೂ ರಾತ್ರಿ ಎಲ್ಲಾ ಮೊಬೈಲ್‌ದಾಗ ನೋಡೀನಿ. ನಿನ್ನ ಕೈಗೆ ರಿವಾಲ್ವರೇ ಛಲೋ. ಯಾಕಂದ್ರ ನೀ ಹೆದರತಿ.”

“ಹೆದರವ್ರು ಯಾರು?” ಎಂದ ದಿಗಂಬರ.

“ನೀ ಅಲ್ಲೇನು? ಬರಕೊಟ್ಟೀಯಲ್ಲಪಾ, ನನಗ ಹೆದರ್ತೀನಿ ಅಂತ,” ಎಂದು ಯುನೂಸ್ ಹೊಟ್ಟೆ ಕುಣಿಸಿ ನಕ್ಕ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

ನಕ್ಕಂತೆ ಮಾಡುವುದಕ್ಕಾದರೂ ದಿಗಂಬರನಿಗೆ ಆಗುತ್ತಿತ್ತು, ನಿನ್ನೆ ಮಧ್ಯಾಹ್ನದವರೆಗೆ. ನಿನ್ನೆ ಯುನೂಸನ ಮಗಳು ಮೀನಾಜ್ ಅಂಗಡಿಗೆ ಟಿಫಿನ್ ಡಬ್ಬಿ ತೆಗೆದುಕೊಳ್ಳಲು ಬಂದವಳು, ಡಬ್ಬಿಯ ಮುಚ್ಚಳ ತೆಗೆದು ಹಾಕಿ ನೋಡುತ್ತ, “ಅಬ್ಬಾಂದು ಪಾಸ್‌ಪೋರ್ಟ್ ಅರ್ಜಿ ವಾಪಸ್ ಬಂತ್ರಿ ಚಾಚಾ,” ಎಂದಳು. “ಠಾಣೆದಾಗ ಏನೋ ಕಂಪ್ಲೇಂಟ್ ಅದ ಅಂತ್ರಿ ಅವ್ರ ಹೆಸರಿನ ಮ್ಯಾಲ. ಅಮ್ಮೀಂದು ಬಂತು, ಅಬ್ಬಾಂದು ಇಲ್ಲ. ಮಕ್ಕಾಕ್ಕ ಉಮ್ರಾ ಮಾಡಾಕ ಹೋಗೋದು ಹ್ಯಾಂಗ್ರಿ? ಯಾರ್ ಕೊಟ್ಟಾರ ಅಂತ ಕೇಳಿದ್ರ ಅಬ್ಬಾ ಬಾಯೇ ಬಿಡವಲ್ರು.” ದಿಗಂಬರನ ಕೈಯಲ್ಲಿದ್ದ ಸೌಟು ಜಾರಿ ಪಾತ್ರೆಗಳ ಮೇಲೆ ಬಿತ್ತು. ಎರಡು ಅಂತಸ್ತಿನ ಡಬ್ಬಿ ಕೇಳಿದ ಹುಡುಗಿಗೆ ಅವನು ನಾಲ್ಕು ಅಂತಸ್ತಿನದನ್ನು ಕಟ್ಟಿಕೊಟ್ಟ. ಇಷ್ಟು ದೊಡ್ಡದು ಬ್ಯಾಡ್ರಿ ಚಾಚಾ ಎಂದರೂ ಕೇಳದೆ ಒಂದು ಚಮಚೆಯನ್ನೂ ಸೇರಿಸಿದ. ಅವಳು ಹೋದ ಮೇಲೆ ಗೋಡೆಯ ತೂತಿನಿಂದ ಚಹಾದ ಗ್ಲಾಸು ಬಂತು, ಹಿಂದೆಯೇ ಯುನೂಸನ ದನಿ: “ನಾಳೆ ಎಂಟರ ಬಸ್ಸಿಗೆ ಹೋಗೂಣು?” ಪಾಸ್‌ಪೋರ್ಟಿನ ಮಾತಿಲ್ಲ. ಈಗ ಬಸ್ಸು ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿಗೆ ಬಿದ್ದು, ಎರಡೂ ಕಡೆ ಉದ್ದು, ತೊಗರಿಯ ಹೊಲಗಳು ಹಸಿರಾಗಿ ಹಿಂದೆ ಸರಿಯುತ್ತಿದ್ದವು. ಅವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ದಿಗಂಬರ ಕಾಯುತ್ತಿದ್ದ. ಯುನೂಸ್ ಕಾರ್ತೂಸುಗಳ ಬಗ್ಗೆ ಮಾತಾಡುತ್ತಿದ್ದ. ಬೈದರೆ ಒಳ್ಳೆಯದಿತ್ತು. ಬೈದವರಿಗೆ ಉತ್ತರ ಕೊಡಬಹುದು, ಉತ್ಸಾಹದಿಂದ ಗುಂಡು ಆರಿಸಿಕೊಡುವವನಿಗೆ ಏನು ಹೇಳುವುದು?

ಅರ್ಜಿಯನ್ನು ಬರೆದುಕೊಟ್ಟವನು ಏಕನಾಥ. ತಹಸೀಲ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಊರಿನ ಕಷ್ಟವನ್ನೆಲ್ಲ ಅರ್ಜಿ ಮಾಡಿಕೊಡುವ ಮನುಷ್ಯ. “ಆತ್ಮರಕ್ಷಣಾಕ್ಕ ಅಂತ ಬರದ್ರ ಸಾಲಾಂಗಿಲ್ರಿ ಸಾವಕಾರ,” ಎಂದಿದ್ದ. “ಯಾರಿಂದ ರಕ್ಷಣಾ? ಹೆಸರು ಬೇಕು, ತಂದಿ ಹೆಸರು ಬೇಕು, ವಯಸ್ಸು, ಉದ್ಯೋಗ, ಮನಿ ಪತ್ತಾ ಬೇಕು. ವೈರಿ ಯಾರದಾರ ನಿಮಗ?” ದಿಗಂಬರ ತುಂಬ ಹೊತ್ತು ಯೋಚಿಸಿದ. ಐವತ್ತನಾಲ್ಕು ವರ್ಷ ಬದುಕಿ ಒಬ್ಬ ವೈರಿಯನ್ನೂ ಸಂಪಾದಿಸಿರಲಿಲ್ಲ. ಮೋರಖಂಡಿಯ ಹೊಲದ ಬದುವಿನ ಸಂಬಂಧ ದಾಯಾದಿಯೊಬ್ಬನ ಜೊತೆ ಹದಿನೈದು ವರ್ಷದ ಹಿಂದೆ ಜಗಳವಾಗಿತ್ತು, ಆದರೆ ಆತ ಹೋದ ದೀಪಾವಳಿಗೆ ಶಂಕರಪಾಳಿ ಕಳಿಸಿದ್ದ. ಎದುರಿನ ಪಾತ್ರೆ ಅಂಗಡಿಯವನು ಇವನನ್ನು ಪೈಪೋಟಿ ಎಂದು ಕೂಡ ಎಣಿಸುತ್ತಿರಲಿಲ್ಲ. ತನ್ನನ್ನು ದ್ವೇಷಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲವಲ್ಲ ಎಂದು ಆ ಬೇವಿನ ಗಿಡದ ಕೆಳಗೆ ನಿಂತು ಅವನಿಗೆ ಮೋರೆ ಸಣ್ಣದಾಯಿತು. ಸಂಜೆ ಗೋಡೆಯ ತೂತಿನಲ್ಲಿ ಅದನ್ನು ಹೇಳಿಕೊಂಡಾಗ ಯುನೂಸ್ ಒಂದು ಕ್ಷಣ ಹೊಲಿಗೆ ಯಂತ್ರ ನಿಲ್ಲಿಸಿ, “ನನ್ನ ಹೆಸರು ಬರಿ. ಹೊರಗಿನ ಮಂದಿಗ್ಯಾಕ ತ್ರಾಸ ಕೊಡ್ತಿ?” ಎಂದಿದ್ದ. ಮಳೆಗಾಲದಲ್ಲಿ ಕೊಡೆ ಕೊಡುವಷ್ಟೇ ಸಲೀಸಾಗಿ ಕೊಟ್ಟುಬಿಟ್ಟ.

ಬೆದರಿಕೆ ಹಾಕಿದ್ದಕ್ಕೆ ಸಾಕ್ಷಿ ಬೇಕು ಎಂದು ಏಕನಾಥ ಹೇಳಿದ್ದರಿಂದ ಒಂದು ಮಂಗಳವಾರ ಮಧ್ಯಾಹ್ನ ಬಜಾರಿನಲ್ಲಿ, ನಾಲ್ಕು ಮಂದಿಯ ಎದುರಿಗೆ, ಯುನೂಸ್ ಕತ್ತರಿ ಹಿಡಿದು ಹೊರಗೆ ಬಂದ. ಹೆಂಡತಿ ಕರೀಮಾ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡಿದ್ದ. “ನಿನ್ನ ಬಿಡಾಂಗಿಲ್ಲ ದಿಗಂಬರಣ್ಣ!” ಎಂದು ಕೂಗಿದ. “ಅಣ್ಣ ಅನಬ್ಯಾಡ್ರೀ!” ಎಂದು ಏಕನಾಥ ಹಿಂದಿನಿಂದ ಪಿಸುಗುಟ್ಟಿದ. ಎರಡನೆಯ ಸಲ ಯುನೂಸ್, “ನಿನ್ನ ಬಿಡಾಂಗಿಲ್ಲ ದಿಗಂಬರ!” ಎಂದು ಅಂದು, ಹಾಗೆ ಬರೀ ಹೆಸರು ಹಿಡಿದಿದ್ದಕ್ಕೆ ಕೂಡಲೇ ನಾಲಿಗೆ ಕಚ್ಚಿಕೊಂಡ. ನೋಡಿದವರು ಬಿದ್ದು ಬಿದ್ದು ನಕ್ಕರು, ನಗುತ್ತಲೇ ಸಾಕ್ಷಿ ಹಾಕಿದರು. ಎಲ್ಲರಿಗೂ ಅದೊಂದು ಮೋಜು, ಮೀನಾಜಳ ಕಿವಿಗೆ ಮಾತ್ರ ಬೀಳದ ಹಾಗೆ ನೋಡಿಕೊಂಡಿದ್ದರು. ಆದರೆ ಕಾಗದಕ್ಕೆ ನಗು ತಿಳಿಯುವುದಿಲ್ಲ. ಠಾಣೆಯ ದಫ್ತರಿನಲ್ಲಿ ಯುನೂಸ್ ಹರಿತವಾದ ಆಯುಧದಿಂದ ಕೊಲೆ ಬೆದರಿಕೆ ಹಾಕಿದವನಾಗಿ ಕೂತುಬಿಟ್ಟ. ಹಬ್ಬ ಬಂತೆಂದರೆ, ಚುನಾವಣೆ ಬಂತೆಂದರೆ, ದಫ್ತರಿನಲ್ಲಿ ಹೆಸರಿದ್ದವರನ್ನೆಲ್ಲ ಕರೆದು ಶಾಂತಿಯಿಂದಿರುತ್ತೇನೆ ಎಂದು ಬರೆಸಿಕೊಳ್ಳುವುದು ವಾಡಿಕೆ. ಒಂದೂವರೆ ವರ್ಷದಿಂದ ಯುನೂಸನೂ ಹೋಗುತ್ತಿದ್ದ, ಬಂದು ತೂತಿನಲ್ಲಿ ನಗೆಚಾಟಿಕೆ ಹೇಳುತ್ತಿದ್ದ. ಅದನ್ನು ಕೇಳಿ ದಿಗಂಬರನೂ ನಗುತ್ತಿದ್ದ. ಗಣೇಶ ಚವತಿಯ ಹಿಂದಿನ ದಿನದವರೆಗೆ.

ಅವತ್ತು ದಿಗಂಬರ ಠಾಣೆಯ ಮುಂದಿನ ರಸ್ತೆಯಲ್ಲಿ ಹಾಯುತ್ತಿದ್ದಾಗ ವರಾಂಡದ ಉದ್ದನೆಯ ಮರದ ಬಾಕಿನ ಮೇಲೆ ಯುನೂಸ್ ಕೂತಿದ್ದು ಕಂಡಿತು. ಎರಡೂ ಮೊಣಕಾಲು ಕೂಡಿಸಿ, ಅದರ ಮೇಲೆ ಟೋಪಿ ಇಟ್ಟುಕೊಂಡು, ಶಾಲೆಯಲ್ಲಿ ಫೀಸು ತರದ ಹುಡುಗನ ಹಾಗೆ ಕೂತಿದ್ದ. ಅವನು ಆಗ ನಗುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲದಾಗ ಯುನೂಸನ ಮುಖ ಹೀಗಿರುತ್ತದೆ ಎಂದು ಮೂವತ್ತು ವರ್ಷದಲ್ಲಿ ದಿಗಂಬರನಿಗೆ ಗೊತ್ತೇ ಇರಲಿಲ್ಲ. ಒಳಗೆ ಹೋಗಬೇಕಿತ್ತು. ಹೋಗಿ, ಸಾಹೇಬ್ರ, ಇಂವ ನನ್ನ ದೋಸ್ತ, ಎಲ್ಲಾ ನಾಟಕ ಅನ್ನಬೇಕಿತ್ತು. ದಿಗಂಬರ ಮೊಬೈಲು ತೆಗೆದು ಕಿವಿಗಿಟ್ಟುಕೊಂಡ. “ಹಲೋ, ಹಾಂ ಹೇಳ್ರಿ, ಹೌದ್ರಿ,” ಎಂದು ಯಾರೂ ಇಲ್ಲದ ಫೋನಿಗೆ ಹೌದುಗುಟ್ಟುತ್ತ ಆ ರಸ್ತೆ ಮುಗಿಯುವ ತನಕ ನಡೆದ. ಯುನೂಸ್ ನೋಡಿದನೋ ಇಲ್ಲವೋ ಇಂದಿಗೂ ತಿಳಿಯದು. ಆವತ್ತು ಸಂಜೆಯ ಚಹಾ ಮಾಮೂಲಿನಂತೆ ತೂತಿನಿಂದ ಬಂತು.

ಇಷ್ಟೆಲ್ಲ ಯಾತಕ್ಕೆ? ಪಿಸ್ತೂಲು ಯಾಕೆ ಬೇಕು ಎಂದು ಯುನೂಸ್ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೂ ದಿಗಂಬರ ಹೇಳುತ್ತಿರಲಿಲ್ಲ. ಅದು ಉಗುಳಲೂ ಆಗದ, ನುಂಗಲೂ ಆಗದ ಸಂಗತಿ. ನೆನೆದರೆ ಈಗಲೂ, ಈ ಬಸ್ಸಿನಲ್ಲೂ, ಎಡಗೆನ್ನೆ ಬೆಚ್ಚಗಾಗುತ್ತದೆ. “ಸೆಕಿ ಆಗ್ತದೇನು? ಮಾರಿ ಕೆಂಪಾಗ್ಯಾದಲ್ಲ,” ಎಂದ ಯುನೂಸ್, ಸೀಟು ಮಾತ್ರ ಬಿಡಲಿಲ್ಲ.

ಹುಮನಾಬಾದಿನಲ್ಲಿ ಇಳಿದಾಗ ದಿಗಂಬರ ಎರಡೂ ಕಡೆ ನೋಡಿಕೊಂಡ. ಹೆಂಡತಿ ಸುಗಂಧಾಳ ತಮ್ಮ ಅಜೀತ ಮಾಣಿಕನಗರದ ಕಡೆ ಇರುತ್ತಾನೆ, ಗುತ್ತಿಗೆದಾರ, ಸೊಂಟದಲ್ಲಿ ರಿವಾಲ್ವರು ಇಟ್ಟುಕೊಂಡೇ ಊಟಕ್ಕೆ ಕೂರುವ ಗಿರಾಕಿ. ಅವನ ಕಣ್ಣಿಗೆ ಬೀಳುವ ಮೊದಲು ತನ್ನ ಸೊಂಟದಲ್ಲೂ ಒಂದು ಇರಬೇಕು ಎಂಬುದು ದಿಗಂಬರನ ಆಸೆ. ಲೈಸೆನ್ಸಿನ ಮೇಲೆ ಆಯುಧ ಕೊಳ್ಳುವ ಗಡುವಿಗೆ ಹತ್ತೇ ದಿನ ಉಳಿದಿದ್ದವು. ಮೈಗಳ್ಳತನದಿಂದ ತಡವಾಯಿತೋ ನಾಚಿಕೆಯಿಂದಲೋ ಅವನಿಗೇ ಗೊತ್ತಿಲ್ಲ.

ಜಲಾಲುದ್ದೀನರ ಅಂಗಡಿ ಹಳೆಯ ಓಣಿಯೊಳಗೆ, ಅತ್ತರಿನ ಅಂಗಡಿಯ ಪಕ್ಕದಲ್ಲಿತ್ತು. ಎಪ್ಪತ್ತು ದಾಟಿದ ಮನುಷ್ಯ, ಮೂಗಿನ ತುದಿಗೆ ದಪ್ಪ ಕನ್ನಡಕ. ಅವರ ಅಜ್ಜ ನಿಜಾಮರ ಕಾಲದಲ್ಲಿ ತೆರೆದ ಅಂಗಡಿ. ಈಗ ಮುಖ್ಯವಾಗಿ ಬೇಮಳಖೇಡದ ಕಡೆಯ ರೈತರು ಹಂದಿ ಓಡಿಸುವ ಉದ್ದ ನಳಿಗೆಯ ಬಂದೂಕುಗಳ ರಿಪೇರಿ. ಲೈಸೆನ್ಸನ್ನು ಅವರು ಹಾಲು ಒಡೆದಿದೆಯೋ ಎಂದು ನೋಡುವವರ ಹಾಗೆ ಮೂಸುವಷ್ಟು ಹತ್ತಿರ ಹಿಡಿದು, ಎಲ್ಲ ಹಾಳೆ ಓದಿ, ಕೆಳಗಿಟ್ಟರು.

“ಪೈಲಾ ಆಯುಧ ಏನ್ರಿ ನಿಮ್ದು?”

“ಹೌದ್ರಿ,” ಎಂದ ದಿಗಂಬರ. ಮೊದಲ ಹೆರಿಗೆಗೆ ಬಂದವರನ್ನು ಕೇಳಿದ ಹಾಗೆ ಕೇಳುತ್ತಾರಲ್ಲ ಎಂದು ಅವನಿಗೆ ಸಂಕೋಚವಾಯಿತು.

ಮೊದಲು ಪಿಸ್ತೂಲು ಹೊರಬಂತು. ಚಪ್ಪಟೆ, ಕಪ್ಪು, ನೋಡಲು ಲಕ್ಷಣವಾಗಿತ್ತು. ಜಲಾಲುದ್ದೀನರು ಅದರ ಹಿಡಿಯೊಳಗಿನ ಮ್ಯಾಗಜೀನು ತೆಗೆದು, ಬಾಯಿ ಬಿಡಿಸಿ, ಒಳಗೆ ಗುಂಡಿಲ್ಲ ಎಂದು ತಾವು ನೋಡಿ, ದಿಗಂಬರನಿಗೆ ತೋರಿಸಿ, ಯುನೂಸನಿಗೂ ತೋರಿಸಿದರು. “ಖಾಲಿ ಅದ ಅಂತ ಹೇಳಿದವನ ಮಾತು ನಂಬಬಾರ್ದು. ನನ್ನ ಮಾತೂ ನಂಬಬಾರ್ದು. ಕಣ್ಣಲೆ ನೋಡ್ಬೇಕು. ಈಗ ಇದ್ರ ಮ್ಯಾಲಿನ ಭಾಗ ಹಿಂದಕ್ಕ ಜಗ್ರಿ.” ದಿಗಂಬರ ಜಗ್ಗಿದ. ಅದು ಅಲುಗಲಿಲ್ಲ. ಹಲ್ಲು ಕಚ್ಚಿ ಜಗ್ಗಿದ. ಬೆವರಿದ ಕೈ ಜಾರಿ ಮೊಣಕೈ ಹೋಗಿ ಹಿಂದಿದ್ದ ಯುನೂಸನ ಪಕ್ಕೆಗೆ ಬಡಿಯಿತು. “ಯಾ ಅಲ್ಲಾ, ಶುರುನೇ ಮಾಡಿದ್ಯಲ್ಲೋ!” ಎಂದ ಯುನೂಸ್. ಕುಕ್ಕರಿನ ಮುಚ್ಚಳ ತೆಗೆದು ತೆಗೆದು ಸವೆದ ಕೈಗಳಿವು, ಇಷ್ಟು ಸಣ್ಣದೊಂದು ಮುಚ್ಚಳ ಬರುತ್ತಿಲ್ಲವಲ್ಲ ಎಂದು ದಿಗಂಬರನಿಗೆ ಕಣ್ಣು ತುಂಬಿ ಬಂದಂತಾಯಿತು. ಜಲಾಲುದ್ದೀನರು ಸದ್ದಿಲ್ಲದೆ ಪಿಸ್ತೂಲನ್ನು ಒಳಗಿಟ್ಟರು.

“ಇದು ಎಂಟು ಗುಂಡಿಂದು, ಖರೇ ನಾಜೂಕು. ಮಣಿಕಟ್ಟು ಸಡ್ಲ ಬಿಟ್ರ ನಡುವ ಸಿಕ್ಕೋತದ. ರೋಜ್ ಪ್ರಾಕ್ಟೀಸ್ ಮಾಡವ್ರಿಗೆ ಸರಿ. ನಿಮಗ ಇದು,” ಎಂದು ರಿವಾಲ್ವರು ತೆಗೆದು ಟೇಬಲ್ಲಿನ ಹಸಿರು ಬಟ್ಟೆಯ ಮೇಲಿಟ್ಟರು. “ಆರು ಮನಿ, ಆರು ಗುಂಡು. ತಿರುಗತದ, ಹೊಡೀತದ. ಒಂದು ಹುಸಿ ಹೋದ್ರ ಮತ್ತ ಈ ಕುದರಿ, ಟ್ರಿಗರ್, ಜಗ್ಗಿದ್ರ ಮುಂದಿನ ಮನಿ ಬರ್ತದ. ಕುದರಿ ಬಿರುಸು ಅದ, ಅಕಸ್ಮಾತ್ ಹೊಡಿಯಾಂಗಿಲ್ಲ.” ಆಮೇಲೆ ಎರಡು ಕಾರ್ತೂಸುಗಳನ್ನು ಪಕ್ಕಪಕ್ಕ ನಿಲ್ಲಿಸಿದರು. “ಎರಡೂ ಪಾಯಿಂಟ್ ಮೂವತ್ತೆರಡೇ. ಅಣ್ಣತಮ್ಮರ ಹಂಗ ಕಾಣ್ತಾವ, ಖರೇ ಒಬ್ರ ಮನ್ಯಾಗ ಒಬ್ರು ಬಾಳ್ವೆ ಮಾಡಾಂಗಿಲ್ಲ. ಗಿಡ್ಡಂದು ಪಿಸ್ತೂಲಿಗೆ. ಉದ್ದಂದು, ಬುಡಕ್ಕ ಅಂಚಿರೋದು ರಿವಾಲ್ವರಿಗೆ. ಮಂದಿ ನಂಬರ್ ಓದಿ ಒಯ್ತಾರ, ಆಮ್ಯಾಲ ಅಳಕೋತ ಬರ್ತಾರ. ಹಸಿರು ಹತ್ತಿದ ಹಳೇ ಮಾಲು ಮುಟ್ಟಬ್ಯಾಡ್ರಿ, ಮತ್ತೊಬ್ರ ಹಂತೇಕ ಉಳ್ದದ್ದು ಅಂತ ತಗೋಬ್ಯಾಡ್ರಿ.”

ರಿವಾಲ್ವರು ಕೈಗೆ ಬಂದಾಗ ದಿಗಂಬರನಿಗೆ ಅದರ ತೂಕ ಹಿತವೆನಿಸಿತು. ಸುಮಾರು ಯಾಲಕ್ಕಿ ಕುಟ್ಟುವ ಒಂದು ಸಣ್ಣ ಖಲಬತ್ತಿನ ತೂಕ. ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜೀತನ ಎದುರು ಊಟಕ್ಕೆ ಕೂತಂತೆಯೂ, ಸುಗಂಧಾ ಇನ್ನೊಂದು ರೊಟ್ಟಿ ಬಡಿಸುತ್ತ ಸ್ವಲ್ಪ ಬೇರೆ ರೀತಿಯಲ್ಲಿ ನೋಡಿದಂತೆಯೂ ಕಂಡಿತು. ಅಷ್ಟರಲ್ಲಿ ಜಲಾಲುದ್ದೀನರು ಗಲ್ಲಾಪೆಟ್ಟಿಗೆಯಿಂದ ನಿಜಾಮಶಾಹಿ ತಾಮ್ರದ ಪೈಸೆಯೊಂದನ್ನು ತೆಗೆದು, ಖಾಲಿ ರಿವಾಲ್ವರನ್ನು ಗೋಡೆಯ ಕಡೆ ಚಾಚಿ ಹಿಡಿಯಲು ಹೇಳಿ, ಅದರ ನಳಿಗೆಯ ತುದಿಗೆ ಪೈಸೆ ಕೂರಿಸಿದರು. ಪೈಸೆ ಬೀಳದ ಹಾಗೆ ಕುದುರೆ ಜಗ್ಗಬೇಕು. ಅಜ್ಜನ ಕಾಲದಿಂದ ಬಂದ ಪದ್ಧತಿಯಂತೆ. ದಿಗಂಬರ ಜಗ್ಗಿದ, ಪೈಸೆ ಠಣ್ಣೆಂದಿತು. ಮತ್ತೆ ಜಗ್ಗಿದ, ಠಣ್. ಏಳು ಸಲ ಬಾಗಿ ಬಾಗಿ ಪೈಸೆ ಎತ್ತಿಕೊಟ್ಟವನು ಯುನೂಸ್. ಎಂಟನೆಯ ಸಲ ಮುದುಕರು, “ಜರಾ ನೀವು ಹಿಡೀರಿ ನೋಡೂಣು,” ಎಂದು ರಿವಾಲ್ವರನ್ನು ಯುನೂಸನಿಗೆ ಕೊಟ್ಟರು. ನಲವತ್ತು ವರ್ಷ ಸೂಜಿಯ ಕಣ್ಣಿಗೆ ದಾರ ಪೋಣಿಸಿದ ಕೈ. ಕುದುರೆ ಕಟಕ್ ಎಂದಿತು, ಪೈಸೆ ಕೂತಲ್ಲೇ ಕೂತಿತ್ತು. ಮೂರು ಸಲ ಜಗ್ಗಿದ. ಮೂರು ಸಲವೂ ಪೈಸೆ ನಿದ್ದೆ ಹೋದ ಹಾಗೆ ಕೂತಿತ್ತು.

“ವಾಹ್!” ಎಂದರು ಜಲಾಲುದ್ದೀನರು. ಯುನೂಸ್ ನಾಚಿ ರಿವಾಲ್ವರನ್ನು ಕೂಡಲೇ ಕೆಳಗಿಟ್ಟು, “ನಂದೇನದರಿ, ಅಂವ ಇವತ್ತು ನಾಷ್ಟಾ ಮಾಡಿಲ್ಲ, ಅದಕ್ಕ ಕೈ ನಡುಗಾಕತ್ತಾವ,” ಎಂದ. ದಿಗಂಬರ ಎರಡು ತಟ್ಟೆ ಉಪ್ಪಿಟ್ಟು ತಿಂದು ಬಂದಿದ್ದ.

ಮುದುಕರು ಇಪ್ಪತ್ತೈದು ಉದ್ದನೆಯ ಕಾರ್ತೂಸುಗಳ ಡಬ್ಬಿಯನ್ನು ರಿವಾಲ್ವರಿನ ಪಕ್ಕ ಇಟ್ಟು, ರಿಜಿಸ್ಟರು ಬಿಡಿಸಿ, ಪೆನ್ನಿನ ಟೊಪ್ಪಿ ತೆಗೆದರು. “ಒಂದು ಸವಾಲದರಿ. ಕಾನೂನಿಂದಲ್ಲ, ನಮ್ಮ ಮನಿತನದ್ದು. ದಾದಾ ಕೇಳ್ತಿದ್ರು, ಅಬ್ಬಾ ಕೇಳ್ತಿದ್ರು, ಪೈಲಾ ಆಯುಧ ಒಯ್ಯವ್ರಿಗೆ ನಾನೂ ಕೇಳ್ತೀನಿ. ಯಾರ ಹೆದರಿಕಿ ಅದ ನಿಮಗ?”

ದಿಗಂಬರ ಬಾಯಿ ತೆರೆದ. ಎಡಗೆನ್ನೆ ಬೆಚ್ಚಗಾಯಿತು. ಸ್ನೇಹಿತ ತಡವರಿಸುವುದನ್ನು ನೋಡಲಾರದೆ ಯುನೂಸ್ ನೆರವಿಗೆ ಬಂದ. “ನಂದ್ರಿ,” ಎಂದ. ಹೇಳುತ್ತಿದ್ದ ಹಾಗೆಯೇ ಅವನ ಎರಡೂ ಕೈ ತಾವಾಗಿ ಮುಂದೆ ಬಂದು ಕೂಡಿಕೊಂಡವು, ಬೆನ್ನು ಸ್ವಲ್ಪ ಬಾಗಿತು. “ಯುನೂಸ್, ತಂದಿ ಹೆಸರು ಮಹಬೂಬ್, ವಯಸ್ಸು ಐವತ್ತೊಂದು, ಉದ್ಯೋಗ ದರ್ಜಿ, ಬಜಾರ್ ಓಣಿ ಬಸವಕಲ್ಯಾಣ, ಹಿಂದ ಯಾವ ಕೇಸೂ ಇಲ್ರಿ, ಶಾಂತಿಯಿಂದ ಇರ್ತೀನ್ರಿ ಸಾಹೇಬ್ರ.” ಒಂದೇ ಉಸಿರಿಗೆ ಹೇಳಿ ಮುಗಿಸಿ, ಇದು ಠಾಣೆಯಲ್ಲವೆಂದು ನೆನಪಾಗಿ, ಕೈ ಬಿಡಿಸಿಕೊಂಡು ನಗಲು ನೋಡಿದ. ನಗು ಬರಲು ಸ್ವಲ್ಪ ತಡವಾಯಿತು. ಆ ತಡದಲ್ಲಿ ದಿಗಂಬರನಿಗೆ ಬಾಕಿನ ಮೇಲೆ ಕಂಡ ಮುಖ ಮತ್ತೆ ಕಂಡಿತು. ಇಷ್ಟು ಸಲೀಸಾಗಿ ಬರಬೇಕಾದರೆ ಎಷ್ಟು ಸಲ ಹೇಳಿರಬೇಕು? ತೂತಿನಲ್ಲಿ ನಗೆಚಾಟಿಕೆ ಮಾಡಿ ಹೇಳಿದ್ದು ಎಷ್ಟು, ಹೇಳದೆ ಉಳಿಸಿಕೊಂಡಿದ್ದು ಎಷ್ಟು?

“ಪಾಸ್‌ಪೋರ್ಟ್ ವಾಪಸ್ ಬಂತಂತ?” ಎಂದು ಅವನು ಕೇಳಿಯೇಬಿಟ್ಟ.

ಯುನೂಸ್ ಟೋಪಿ ಸರಿಮಾಡಿಕೊಂಡ. “ಮೀನಾಜ್ ಹೇಳಿದ್ಲೇನು? ಅಕಿ ಬಾಯಾಗ ಒಂದು ಎಳ್ಳೂ ನೆನ್ಯಾಂಗಿಲ್ಲ.”

“ನನಗ್ಯಾಕ ಹೇಳ್ಲಿಲ್ಲ?”

“ನಿನ್ನ ಲೈಸೆನ್ಸಿಗಿ ಹತ್ತೇ ದಿನ ಉಳ್ದಿದ್ವು. ಹೇಳಿದ್ರ ನೀ ಕಂಪ್ಲೇಂಟ್ ವಾಪಸ್ ತಗೋತಿದ್ದಿ, ಪಿಸ್ತೂಲ್ ಹೋಗ್ತಿತ್ತು. ಮೊದಲ ನಿಂದು ಮುಗೀಲಿ ಅಂದೆ. ಮಕ್ಕಾ ಎಲ್ಲಿ ಹೋಗ್ತದ?”

ಹೇಳಿದ್ರ ನೀ ವಾಪಸ್ ತಗೋತಿದ್ದಿ. ನಿನ್ನೆ ಮಧ್ಯಾಹ್ನದಿಂದ ತಾನು ವಾಪಸು ತೆಗೆದುಕೊಂಡಿಲ್ಲ ಎಂಬುದು ಈ ಮನುಷ್ಯನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ದಿಗಂಬರ ರಿವಾಲ್ವರನ್ನು ಎರಡು ಬೆರಳಿನಿಂದ ಮುದುಕರ ಕಡೆ ಸರಿಸಿದ. ಜಲಾಲುದ್ದೀನರು ಪೆನ್ನಿನ ಟೊಪ್ಪಿ ಹಾಕಿ, ಕಾರ್ತೂಸುಗಳನ್ನು ಎಣಿಸಿ ಒಳಗಿಟ್ಟು, “ಬರ್ರಿ ಮತ್ತ. ಹೆದರಿಕಿ ಖರೇದು ಸಿಕ್ಕಾಗ,” ಎಂದರು. ಯುನೂಸ್ ಮಾತ್ರ ಬಸ್ ಸ್ಟ್ಯಾಂಡಿನವರೆಗೂ, “ಹುಚ್ಚ ಇದ್ದೀಯೇನು, ಅಂಥಾ ಛಲೋ ರಿವಾಲ್ವರ್! ನಾ ಇನ್ನಾರು ತಿಂಗಳು ಕಾಯ್ತಿದ್ದೆ,” ಎಂದು ಬೈಯುತ್ತಲೇ ಬಂದ. ಈಗ ಬೈಸಿಕೊಳ್ಳುವುದು ದಿಗಂಬರನಿಗೆ ಹಿತವಾಗಿತ್ತು.

ಬಸವಕಲ್ಯಾಣದ ಠಾಣೆಯಲ್ಲಿ ಬರೆಯುವ ಕೆಲಸ ಹೆಡ್ ಕಾನ್‌ಸ್ಟೇಬಲ್ ಸುಜಾತಾ ಅವರದು. ನಗದ, ಗದರದ ಹೆಂಗಸು. ದಿಗಂಬರ ನಿಂತುಕೊಂಡೇ ಹೇಳಿದ: ಕಂಪ್ಲೇಂಟು ಸುಳ್ಳು, ಈತ ತನ್ನ ದೋಸ್ತ, ಕತ್ತರಿ ಹಿಡಿದಿದ್ದು ತಾನು ಹೇಳಿದ್ದಕ್ಕೆ. ಅವರು ದಫ್ತರು ತೆಗೆದು ಎರಡೂ ಮುಖಗಳನ್ನು ನೋಡಿದರು.

“ಸುಳ್ಳ ಬರ್ದೀನಿ ಅಂತ ನೀವಾ ಬರಕೊಡ್ಬೇಕಾಗ್ತದ. ಸಾಹೇಬ್ರು ಏನ್ ಮಾಡ್ತಾರೋ ಅವ್ರಿಗೆ ಬಿಟ್ಟದ್ದು. ಲೈಸೆನ್ಸೂ ಉಳಿಯೂದಿಲ್ಲ. ತಿಳೀತಿಲ್ರಿ?”

“ತಿಳೀತ್ರಿ.”

“ಇವ್ರ ಹೆದರಿಕಿ ಇರ್ಲಿಲ್ಲಂದ್ರ ಪಿಸ್ತೂಲ್ ಯಾಕ ಬೇಕಿತ್ತು? ಖರೇ ಕಾರಣ ಹೇಳ್ರಿ. ಬರೀಬೇಕು.”

ದಿಗಂಬರ ಬಾಗಿಲ ಕಡೆ ನೋಡಿದ, ಕ್ಯಾಲೆಂಡರು ನೋಡಿದ. ಯುನೂಸನನ್ನು ಮಾತ್ರ ನೋಡಲಿಲ್ಲ. ಎರಡು ವರ್ಷದ ಹಿಂದೆ ಸುಗಂಧಾಳ ತವರಿನವರೆಲ್ಲ ಬಂದಿದ್ದರು, ಕಿಲ್ಲಾ ನೋಡಲು ಹೋಗಿದ್ದರು. ಅವನ ಕೈಯಲ್ಲಿ ಒಂದು ಪೇರಲ ಹಣ್ಣು ಇತ್ತು. ಬುರುಜಿನ ಮೇಲಿನಿಂದ ಇಳಿದ ಕರಿಮೋರೆಯ ಮಂಗ್ಯಾ ಅದನ್ನು ಜಗ್ಗಿತು, ಇವನು ಬಿಡಲಿಲ್ಲ. ಅದು ನಿಧಾನವಾಗಿ ಎದ್ದು ನಿಂತು, ಮನುಷ್ಯರು ಹೊಡೆದ ಹಾಗೆಯೇ, ಕೈ ಬೀಸಿ ಎಡಗೆನ್ನೆಗೆ ಒಂದು ಕೊಟ್ಟಿತು. ಇಪ್ಪತ್ತು ಮಂದಿಯ ಎದುರು. ಅಜೀತ ಸೊಂಟಕ್ಕೆ ಬರೇ ಕೈ ಹಾಕಿದ, ಮಂಗ್ಯಾ ಓಟ ಕಿತ್ತಿತು. ಸುಗಂಧಾ ಸೆರಗು ಬಾಯಿಗೆ ಹಿಡಿದು, “ಮಂಗ್ಯಾಕ್ಕೂ ಮನಷ್ಯಾರ ಗುರ್ತು ಹತ್ತತದ ನೋಡ್ರಿ,” ಎಂದು ನಕ್ಕಳು. ಇಷ್ಟನ್ನೂ ದಿಗಂಬರ ಈಗ ಠಾಣೆಯಲ್ಲಿ, ಹಗಲು ಮೂರು ಗಂಟೆಗೆ, ತಗ್ಗಿದ ದನಿಯಲ್ಲಿ, ಪೇರಲ ಹಣ್ಣನ್ನೂ ಬಿಡದೆ ಹೇಳಿದ.

ಸುಜಾತಾ ಬರೆಯುತ್ತಿದ್ದರು. ಹೆದರಿಕೆ ಯಾರದು ಎಂಬಲ್ಲಿ ಮಂಗ್ಯಾ ಎಂದು ಬರೆದು, ಪೆನ್ನು ಎತ್ತಿ ಹಿಡಿದರು. ಅಭ್ಯಾಸಬಲವೋ ಏನೋ, “ತಂದಿ ಹೆಸರು?” ಎಂದರು.

ಯುನೂಸ್ ಮೊದಲು ಕೆಮ್ಮಿದ. ಆಮೇಲೆ ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಸುಜಾತಾ ಕೂಡ ದಫ್ತರಿನ ಮೇಲೆ ಬಾಗಿದರು, ಅವರ ಹೆಗಲು ಅಲುಗುತ್ತಿತ್ತು. ನಗುತ್ತ ನಗುತ್ತ ಯುನೂಸ್ ಒಮ್ಮೆಲೇ ನಿಲ್ಲಿಸಿದ. ಟೋಪಿಯಿಂದ ಕಣ್ಣು ಒರೆಸಿಕೊಂಡ.

“ಅಂದ್ರ ಒಂದೂವರಿ ವರ್ಷ ನಾ ಇಲ್ಲಿ ಆ ಮಂಗ್ಯಾನ ಬದ್ಲಿ ಕುಂತೆನಾ?” ಎಂದ.

ಮೂವತ್ತು ವರ್ಷದಲ್ಲಿ ಅವನ ದನಿ ದಿಗಂಬರನ ಕಡೆಗೆ ಹೀಗೆ ತಿರುಗಿದ್ದು ಇದೇ ಮೊದಲು. ದಿಗಂಬರ ಈ ಸಲ ಅವನ ಮುಖವನ್ನೇ ನೋಡಿದ. “ಹೌದು,” ಎಂದ. “ತಪ್ಪಾತು ಯುನೂಸ್. ಗಣಪತಿ ಹಬ್ಬದ ಹಿಂದಿನ ದಿನಾ ನೀ ಇಲ್ಲಿ ಕುಂತಿದ್ದಿ. ನಾ ನೋಡೀನಿ. ನೋಡಿ ಫೋನ್ ಕಿವಿಗೆ ಹಿಡ್ಕೊಂಡು ಹ್ವಾದೆ.”

“ಗೊತ್ತದ,” ಎಂದ ಯುನೂಸ್. “ಫೋನ್ ತಲಿಕೆಳಗ ಹಿಡಿದಿದ್ದಿ.”

ಸಾಹೇಬರು ಐದಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಹೊರಗೆ ಬಾಕಿನ ಮೇಲೆ ಕೂತಿರಬೇಕು, ಯುನೂಸ್ ಬೇಕಾದರೆ ಮನೆಗೆ ಹೋಗಬಹುದು ಎಂದರು ಸುಜಾತಾ. ಯುನೂಸ್ ಟೋಪಿ ಹಾಕಿಕೊಂಡು ಹೊರಗೆ ನಡೆದ, ಹಿಂದಕ್ಕೆ ನೋಡಲಿಲ್ಲ. ದಿಗಂಬರ ವರಾಂಡಕ್ಕೆ ಬಂದು ಬಾಕಿನ ಒಂದು ತುದಿಗೆ ಕೂತ. ರಸ್ತೆಯಲ್ಲಿ ಗುರುತಿನ ಮಂದಿ ಹಾಯುತ್ತಿದ್ದರು. ಎದುರಿನ ಪಾತ್ರೆ ಅಂಗಡಿಯವನು ಸ್ಕೂಟರು ನಿಧಾನ ಮಾಡಿ ನೋಡಿ ಹೋದ. ಮೊಣಕಾಲುಗಳು ಯಾವಾಗ ಕೂಡಿಕೊಂಡವೋ ದಿಗಂಬರನಿಗೆ ತಿಳಿಯಲಿಲ್ಲ. ಗೇಟಿನ ಹತ್ತಿರ ಯುನೂಸ್ ನಿಂತಿದ್ದ. ಸ್ವಲ್ಪ ಹೊತ್ತು ರಸ್ತೆ ನೋಡಿದ. ಆಮೇಲೆ ತಿರುಗಿ, ಇನ್ನೂ ಗಂಟು ಹಾಕಿಕೊಂಡ ಮುಖದಲ್ಲೇ ವಾಪಸು ಬಂದು, ಬಾಕಿನ ಮುಂದೆ ನಿಂತುಕೊಂಡ.

“ಏಳು. ಆ ಕಡಿ ಸರಿ,” ಎಂದ.

“ಯಾಕ?”

“ಇಲ್ಲಿ ಒಳಗಿನ ಫ್ಯಾನಿನ ಗಾಳಿ ಬರ್ತದ. ಇದು ನನ್ನ ಜಾಗಾ.”

ದಿಗಂಬರ ಸರಿದು ಕೂತ. ಆ ಕಡೆ ಗಾಳಿ ಬರುತ್ತಿರಲಿಲ್ಲ.